ಗೆರೆಯೊಳಗಿನ ಬೋರ್ಡು ಮೇಷ್ಟ್ರು

ಹಿಂದಕ್ಕೆ ನಡೆಯುವುದನ್ನೇ ನಡಿಗೆಯೆಂದು ನಂಬಿದಂತಿದ್ದ ಮನುಷ್ಯರನ್ನು ಈ ಆಯುಷ್ಯದಲ್ಲಿ ನಾನು ಕಂಡದ್ದು ಒಬ್ಬರನ್ನೇ. ಗೋಡೆಯ ಮೇಲೆ ಕುಂಚದಿಂದ ಎರಡು ಎಳೆ ಎಳೆಯುವುದು, ಎಡಗಣ್ಣು ಮುಚ್ಚಿ ಕತ್ತನ್ನು ಒಂದಿಷ್ಟು ವಾಲಿಸುವುದು, ಆಮೇಲೆ ಗೋಡೆಯಿಂದ ದೃಷ್ಟಿ ಕೀಳದೆ ಹೆಜ್ಜೆಹೆಜ್ಜೆಯಾಗಿ ಹಿಂದೆ ಸರಿಯುತ್ತ ಕಾಲುದಾರಿ ದಾಟಿ, ಅದರಂಚಿನ ಕಲ್ಲಿಳಿದು, ವಾಹನಗಳು ಭರ್ರನೆ ಹರಿಯುವ ರಸ್ತೆಯ ನಡುಮಧ್ಯಕ್ಕೆ ಬಂದು ನಿಂತುಬಿಡುವುದು ಅವರ ನಿತ್ಯದ ಗತಿ. ಸೈಕಲ್ಲಿನವರು ಗಂಟೆ ಬಾರಿಸಿದರೂ, ಕಾರಿನವರು ತಲೆ ಹೊರಗೆ ಹಾಕಿ ಬೈದರೂ ಅವರು ತಿರುಗಿ ನೋಡುತ್ತಿರಲಿಲ್ಲ. "ಸ್ವಲ್ಪ ದಾರಿ ಬಿಡಿ, ಅಕ್ಷರ ನೋಡ್ತಿದ್ದೀನಿ" ಎನ್ನುತ್ತಿದ್ದರು; ರಸ್ತೆ ಇರುವುದೇ ಅಕ್ಷರಗಳನ್ನು ದೂರದಿಂದ ನೋಡುವುದಕ್ಕೆ, ಉಳಿದವರೆಲ್ಲ ಅಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದಾರೆ ಎಂಬ ಧಾಟಿಯಲ್ಲಿ. ಅವರ ಹೆಂಡತಿ ಹೇಳುತ್ತಿದ್ದ ಮಾತು ಇನ್ನೂ ಕಿವಿಯಲ್ಲಿದೆ: "ಇವರ ಮುಖ ಗೋಡೆಗೆ, ಬೆನ್ನು ಲಾರಿಗೆ. ಕಾಯಿಲೆ ಬಂದಿರೋದು ನನಗೆ, ಆದರೆ ಮೊದಲು ಹೋಗೋರು ಇವರೇ, ನೋಡ್ತಾ ಇರಿ."

ನಮ್ಮ ಹಳೆಯ ನಾಲ್ಕಂತಸ್ತಿನ ಕಟ್ಟಡದ ನೆಲಮಹಡಿಯಲ್ಲಿ ಅವರ ಮನೆ. ಅವರ ನೆತ್ತಿಯ ಮೇಲೆ ನನ್ನದು. ಅಂಗಡಿಗಳಿಗೆ ನಾಮಫಲಕ ಬರೆಯುವುದು ಅವರ ಕಸುಬಾದ್ದರಿಂದ ಓಣಿಯವರೆಲ್ಲ ಅವರನ್ನು ಬೋರ್ಡು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಆ ಉದ್ದನೆಯ ಕೃಶಶರೀರ, ವರ್ಷಾನುಗಟ್ಟಲೆ ಏಣಿಯ ಮೇಲೆ ಕೈಯೆತ್ತಿ ಬರೆದು ಒಂದಿಷ್ಟು ಮೇಲೆದ್ದೇ ಉಳಿದುಬಿಟ್ಟ ಬಲಭುಜ, ಉಗುರಿನ ಸಂದಿಯಲ್ಲಿ ಯಾವ ಸಾಬೂನಿಗೂ ಜಗ್ಗದ ಕೆಂಪು ನೀಲಿ ಗೆರೆಗಳು, ಕಿವಿಯ ಹಿಂದೆ ಸಿಕ್ಕಿಸಿದ ಸಣ್ಣ ಕುಂಚ, ಇವೆಲ್ಲ ಸೇರಿ ಅವರಿಗೆ ಮೇಷ್ಟ್ರ ಕಳೆಯನ್ನು ತಾನಾಗಿಯೇ ತಂದುಕೊಟ್ಟಿದ್ದವು. ಯಾರು ಏನೇ ಹೇಳಲಿ, "ಅದೂ ಸರೀನೇ" ಎಂದೇ ಅವರು ಮಾತು ಶುರು ಮಾಡುತ್ತಿದ್ದರು. ಹೊಸಬರು ಅದನ್ನು ಒಪ್ಪಿಗೆಯೆಂದು ತಿಳಿದು ಮೋಸಹೋಗುತ್ತಿದ್ದರು. ಆ ಎರಡು ಪದಗಳ ಬೆನ್ನಲ್ಲೇ ಒಂದು ‘ಆದರೆ’ ಬರುತ್ತದೆ, ಆ ‘ಆದರೆ’ಯನ್ನು ಕದಲಿಸುವುದಕ್ಕೆ ದೇವರಿಂದಲೂ ಆಗುವುದಿಲ್ಲ ಎಂಬುದು ನಮಗೆ ಹಳಬರಿಗೆ ಮಾತ್ರ ಗೊತ್ತಿತ್ತು.

ಯಂತ್ರದಲ್ಲಿ ಅಚ್ಚಾಗಿ ಬರುವ ಪ್ಲಾಸ್ಟಿಕ್ ಫಲಕಗಳು ಪೇಟೆಯನ್ನೆಲ್ಲ ಆವರಿಸಿದ ಕಾಲದಲ್ಲಿ ಅವರ ಜೊತೆಯ ಬರಹಗಾರರು ಒಬ್ಬೊಬ್ಬರಾಗಿ ಗೋಡೆಗೆ ಸುಣ್ಣ ಬಳಿಯುವುದಕ್ಕೋ ಗೋದಾಮು ಕಾಯುವುದಕ್ಕೋ ಇಳಿದಿದ್ದರು. ಮೇಷ್ಟ್ರು ಹೇಗೋ ಉಳಿದುಕೊಂಡರು. ಅನಂತರ, ಕಳೆದುಹೋದದ್ದರ ಮೇಲೆಯೇ ಜನಕ್ಕೆ ಮಮತೆ ಹುಟ್ಟುವ ವಿಚಿತ್ರ ನಿಯಮಕ್ಕನುಸಾರವಾಗಿ, ಕೈಬರಹಕ್ಕೆ ಮತ್ತೆ ಮರ್ಯಾದೆ ಬಂತು. ಹೊಸ ಅಂಗಡಿಯವರು ಅವರನ್ನೇ ಹುಡುಕಿಕೊಂಡು ಬರತೊಡಗಿದರು. ಅವರು ‘ಹಾಲು’ ಎಂದು ಬರೆದರೆ ಆ ಪದ ತಂಪಾಗಿರುತ್ತಿತ್ತು. ‘ಬೀಗ ರಿಪೇರಿ’ ಎಂದು ಬರೆದರೆ ಅಕ್ಷರಗಳು ಒಂದರ ತೋಳು ಒಂದು ಹಿಡಿದು ಭದ್ರವಾಗಿ ಕೂತಿರುತ್ತಿದ್ದವು. ನಮ್ಮ ಬೀದಿಯ ಹಲ್ಲಿನ ಡಾಕ್ಟರಿಗೆ ಅವರು ಬರೆದುಕೊಟ್ಟ ಫಲಕ ಎಷ್ಟು ಸೌಮ್ಯವಾಗಿತ್ತೆಂದರೆ, ಅದನ್ನು ನಂಬಿ ಒಳಗೆ ಹೋದವರು ಹೊರಬಂದ ಮೇಲೆ ಮೇಷ್ಟ್ರನ್ನೇ ಬೈಯುತ್ತಿದ್ದರು.

ಇಂಥ ಕೈಯಿದ್ದ ಮನುಷ್ಯ ಬೆಳೆಯಬೇಕಿತ್ತು. ಬೆಳೆಯಲಿಲ್ಲ. ಅದರ ಕಾರಣ ತಿಳಿಯುವ ಮೊದಲು ನಾನು ಕಣ್ಣಾರೆ ಕಂಡ ಒಂದು ಚೌಕಾಸಿಯನ್ನು ಹೇಳಬೇಕು. ಓಣಿಯ ತುದಿಯಲ್ಲಿ ಹೊಸದಾಗಿ ಔಷಧದಂಗಡಿ ತೆರೆದವನು, ಗಿರಾಕಿಗಳ ಕೊಸರಾಟದಲ್ಲಿಯೇ ತಲೆ ಬೆಳ್ಳಗಾದವನು, ಮೇಷ್ಟ್ರ ಕೆಲಸ ನೋಡಿ ಕರಗಿಹೋಗಿ ಹೇಳಿದ:

"ಮೇಷ್ಟ್ರೇ, ನೀವು ಕೇಳಿದ್ದು ತೀರಾ ಕಮ್ಮಿ ಆಯ್ತು. ಇದರ ಎರಡರಷ್ಟು ತಗೊಳ್ಳಿ."

"ಅದೂ ಸರೀನೇ. ಆದರೆ ಅಷ್ಟು ಬೇಡ."

"ಹೋಗ್ಲಿ, ಒಂದೂವರೆಯಷ್ಟು?"

"ಬೇಡ ಸ್ವಾಮಿ. ಬೇಕಾದರೆ ಇನ್ನೂ ಸ್ವಲ್ಪ ಇಳಿಸ್ತೀನಿ."

ದರ ಇಳಿಸುವವರನ್ನು ಎದುರಿಸುವುದರಲ್ಲಿ ಜೀವಮಾನ ಕಳೆದಿದ್ದ ಅಂಗಡಿಯವನ ಬತ್ತಳಿಕೆಯಲ್ಲಿ ಇಂಥ ಸಂದರ್ಭಕ್ಕೆ ಒಂದು ಬಾಣವೂ ಇರಲಿಲ್ಲ. ದನಿ ತಗ್ಗಿಸಿ ಕೇಳಿದ: "ಬಣ್ಣ ಒಳ್ಳೇದು ತಾನೇ?"

ವರ್ಷದ ಕೊನೆ ಸಮೀಪಿಸಿದಂತೆ ಈ ವೈಪರೀತ್ಯ ಇನ್ನೂ ಹೆಚ್ಚುತ್ತಿತ್ತು. ಬಂದ ಕೆಲಸವನ್ನೆಲ್ಲ ಅವರು ವಾಪಸು ಕಳಿಸುತ್ತಿದ್ದರು. ಕುಂಚಗಳನ್ನು ತೊಳೆದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಒಂದನ್ನು ಮಾತ್ರ ಹೊರಗಿಟ್ಟುಕೊಂಡು, ಕಟ್ಟಡದ ಮುಂದಿನ ಕಲ್ಲುಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ನೀರಿನ ಚೊಂಬಿಟ್ಟುಕೊಂಡು, ನೀರಿನಿಂದಲೇ ಅಕ್ಷರ ಬರೆಯುತ್ತಿದ್ದರು. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲಿನದು ಬಿಸಿಲಿಗೆ ಆರಿಹೋಗಿರುತ್ತಿತ್ತು. ಆರಿದ ಜಾಗದಲ್ಲಿ ಮತ್ತೆ ಬರೆಯುತ್ತಿದ್ದರು. ಓಣಿಯವರು ಇದಕ್ಕೆ ತಲೆಗೊಂದು ಹೆಸರಿಟ್ಟಿದ್ದರು: ಕೆಲವರಿಗೆ ಅದು ಸೋಮಾರಿತನ, ಕೆಲವರಿಗೆ ಕಲಾವಿದನ ಗತ್ತು, ಮೂರನೆಯ ಮಹಡಿಯ ನಿವೃತ್ತ ಗುಮಾಸ್ತರಿಗೆ ಬುದ್ಧಿಭ್ರಮಣೆಯ ಮೊದಲ ಲಕ್ಷಣ. ನಾನೇ ಒಂದು ದಿನ ಪಕ್ಕದಲ್ಲಿ ಕೂತು ಕೇಳಿದೆ. ಅವರು ಕುಂಚ ಎತ್ತದೆ ಹೇಳಿದರು: "ಈ ವರ್ಷಕ್ಕೆ ನನ್ನ ದುಡಿಮೆ ಮುಗೀತು. ಇನ್ನು ದುಡಿದರೆ ಅವಳಿಗೆ ಕಷ್ಟ."

ಅವಳು ಎಂದರೆ ಅವರ ಹೆಂಡತಿ. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ಅತ್ತಿಗೆಯ ಎರಡೂ ಮೂತ್ರಪಿಂಡಗಳು ಕೈಕೊಟ್ಟು ಬಹಳ ವರ್ಷಗಳಾಗಿದ್ದವು. ದಿನ ಬಿಟ್ಟು ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ತೋಳೊಡ್ಡಿ ಅರ್ಧ ಹಗಲು ಮಲಗಿರಬೇಕು. ಅದರ ವೆಚ್ಚವನ್ನು ಸಾರ್ವಜನಿಕ ಆರೋಗ್ಯ ನೆರವಿನ ಇಲಾಖೆ ಭರಿಸುತ್ತಿತ್ತು. ಅದಕ್ಕೊಂದು ಆದಾಯ ಮಿತಿ. ಮನೆಯವರೆಲ್ಲರ ವರ್ಷದ ಗಳಿಕೆ ಆ ಮಿತಿಗಿಂತ ಕೂದಲೆಳೆಯಷ್ಟು ಕೆಳಗಿದ್ದರೆ ಪೂರ್ತಿ ನೆರವು, ಕೂದಲೆಳೆಯಷ್ಟು ಮೇಲಾದರೆ ಪೂರ್ತಿ ಶೂನ್ಯ. ನಡುವೆ ಒಂದು ಮೆಟ್ಟಿಲೂ ಇಲ್ಲ. ಇನ್ನಷ್ಟು ದುಡಿದರೆ ಮೇಷ್ಟ್ರು ಆ ಮಿತಿಯನ್ನು ದಾಟಬಲ್ಲವರಾಗಿದ್ದರು. ಆದರೆ ಖಾಸಗಿ ಆಸ್ಪತ್ರೆಯ ಖರ್ಚಿಗೆ, ಅವರಂಥ ಮೂವರು ಮೇಷ್ಟ್ರುಗಳು ಹಗಲಿರುಳು ಬರೆದರೂ ಸಾಲುತ್ತಿರಲಿಲ್ಲ.

"ಗೆರೆ ದಾಟೋ ಶಕ್ತಿ ನನಗಿದೆ. ದಾಟಿದ ಮೇಲೆ ಆಚೆ ಕಡೆ ನಿಂತ್ಕೊಳ್ಳೋ ಶಕ್ತಿ ಇಲ್ಲ" ಎಂದರು.

ಲೋಕಜ್ಞಾನ ಉಳ್ಳವರೆಲ್ಲ ಕೊಡುವ ಸಲಹೆಯನ್ನು ನಾನೂ ಕೊಟ್ಟೆ. ಕೈಯಿಂದ ಕೈಗೆ ಬರುವ ಹಣ, ಎಲ್ಲವನ್ನೂ ಹೇಳಲೇಬೇಕೆಂದೇನು? ಮೇಷ್ಟ್ರು ಎದುರಿನ ಗೋಡೆಯತ್ತ, ಅದರಾಚೆಯ ಅಂಗಡಿಸಾಲಿನತ್ತ ಕೈತೋರಿಸಿದರು. "ಅದೂ ಸರೀನೇ. ಆದರೆ ನಾನು ಮಾಡಿದ ಕೆಲಸ ಊರ ತುಂಬ ಗೋಡೆ ಮೇಲಿದೆ. ಇಡೀ ಊರೇ ಓದುತ್ತೆ. ಮಾಡಿಲ್ಲ ಅಂತ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೆಂಗೆ ಹೇಳ್ಲಿ?" ನಾನು ಅವರ ಸತ್ಯನಿಷ್ಠೆಯನ್ನು ಮೆಚ್ಚಿಕೊಳ್ಳುವ ಸನ್ನಾಹದಲ್ಲಿದ್ದೆ; ಅದನ್ನು ಗ್ರಹಿಸಿದವರಂತೆ ಅವರೇ ತಡೆದರು. ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಒಬ್ಬ ಲೇತ್ ಕೆಲಸದವನು ಹೆಚ್ಚುವರಿ ಪಾಳಿಯ ಗಳಿಕೆಯನ್ನು ಮುಚ್ಚಿಟ್ಟಿದ್ದನಂತೆ. ಹೇಗೋ ಗೊತ್ತಾಯಿತು, ನೆರವಿನ ಕಾರ್ಡು ರದ್ದಾಯಿತು, ಮೇಲ್ಮನವಿಯ ತೀರ್ಪು ಬರುವಷ್ಟರಲ್ಲಿ ಅವನ ಹೆಂಡತಿ ಮಲಗುತ್ತಿದ್ದ ಮಂಚದಲ್ಲಿ ಬೇರೆಯವರಿದ್ದರು. "ಸತ್ಯ ಗಿತ್ಯ ಏನಿಲ್ಲ ಇವರೇ. ಭಯ" ಎಂದು ಮೇಷ್ಟ್ರು ಕುಂಚವನ್ನು ನೀರಿನಲ್ಲಿ ಅದ್ದಿದರು.

ವರ್ಷಕ್ಕೊಮ್ಮೆ ಅವರು ನೆರವಿನ ಕಚೇರಿಗೆ ಹೋಗಿ ಅರ್ಹತೆಯನ್ನು ನವೀಕರಿಸಿಕೊಳ್ಳಬೇಕಿತ್ತು. ಒಂದೇ ಸೂರಿನಡಿ ಯಾರುಯಾರು ಇದ್ದಾರೆಂದು ನೆರೆಮನೆಯವರೊಬ್ಬರು ಸಾಕ್ಷಿ ಹೇಳಬೇಕೆಂಬ ನಿಯಮದಿಂದಾಗಿ ನಾನೂ ಜೊತೆಗೆ ಹೋಗುತ್ತಿದ್ದೆ. ಆ ದಿನಕ್ಕೆಂದೇ ಮೇಷ್ಟ್ರ ಬಳಿ ಒಂದು ಕೋಟಿತ್ತು. ಕಡುನೀಲಿ ಉಣ್ಣೆಯ ಕೋಟು, ಮದುವೆಯಲ್ಲಿ ಮಾವನವರು ಹೊಲಿಸಿಕೊಟ್ಟದ್ದು. ಬಣ್ಣದ ಡಬ್ಬಿಗಳ ನಡುವೆಯೇ ಬದುಕಿದ ಆ ಮನೆಯಲ್ಲಿ ಒಂದು ಹನಿಯೂ ತಾಗದೆ ಉಳಿದಿದ್ದ ಏಕೈಕ ವಸ್ತ್ರ. ಕಚೇರಿಯ ಉದ್ದನೆಯ ಹಾಲ್‌ನಲ್ಲಿ, ಹರಿದ ಚೀಲ, ಕ್ಷಕಿರಣದ ದೊಡ್ಡ ಲಕೋಟೆ, ನಿದ್ದೆಗೆಟ್ಟ ಕಣ್ಣುಗಳ ಸಾಲಿನಲ್ಲಿ ಆ ಕೋಟು ದೂರದಿಂದಲೇ ಎದ್ದುಕಾಣುತ್ತಿತ್ತು. ಹೊಸದಾಗಿ ಬಂದಿದ್ದ ತರುಣ ಅಧಿಕಾರಿಯೊಬ್ಬ ಅದನ್ನು ಮೇಲಿಂದ ಕೆಳಗೆ ನೋಡಿ, "ನೆರವು ಕೇಳೋಕೆ ಬಂದವರ ಹಾಗೆ ಕಾಣಲ್ವಲ್ಲ ನೀವು" ಎಂದ.

"ಅದೂ ಸರೀನೇ. ನೆರವು ಕೇಳೋರು ಹೆಂಗೆ ಕಾಣ್ಬೇಕು?" ಎಂದರು ಮೇಷ್ಟ್ರು. ಅದರಲ್ಲಿ ಕೊಂಕಿರಲಿಲ್ಲ. ಫಲಕಕ್ಕೆ ಯಾವ ಬಣ್ಣ ಬೇಕೆಂದು ಗಿರಾಕಿಯನ್ನು ಕೇಳುವಾಗಿನ ಅದೇ ವೃತ್ತಿಪರ ಕುತೂಹಲ. ಅಧಿಕಾರಿ ಮುದ್ರೆ ಒತ್ತಿದ. ಹೊರಗೆ ಬಂದಾಗ ಸಾಲಿನಲ್ಲಿದ್ದ ಅನುಭವಿಯೊಬ್ಬರು, ಮುಂದಿನ ಸಲ ಹಳೇ ಅಂಗಿ ಹಾಕ್ಕೊಂಡು ಬನ್ನಿ, ಗಡ್ಡ ಬಿಟ್ಟುಕೊಂಡಿದ್ರೆ ಇನ್ನೂ ವಾಸಿ ಎಂದು ಉಪದೇಶಿಸಿದರು. "ನಾನು ಬೋರ್ಡ್ ಬರೆಯೋನು ಯಜಮಾನ್ರೇ. ಒಳಗಿಲ್ಲದ ಸರಕನ್ನ ಹೊರಗೆ ಬರೆಯಲ್ಲ" ಎಂದು ಇವರು ಕೋಟಿನ ಗುಂಡಿ ಹಾಕಿಕೊಂಡರು.

ಹೀಗೆಯೇ ಸಾಗಿಹೋಗುತ್ತಿತ್ತೇನೋ. ಆದರೆ ಊರಿನ ಹಳೆಯ ರೈಲು ನಿಲ್ದಾಣವನ್ನು ಅದರ ಮೂಲರೂಪಕ್ಕೆ ತರುವ ಕೆಲಸ ಶುರುವಾಯಿತು. ಮೇಲ್ಛಾವಣಿ, ಕಂಬ, ಗಡಿಯಾರ, ಎಲ್ಲವೂ ಮೊದಲಿದ್ದಂತೆಯೇ ಆಗಬೇಕು. ಫಲಕಗಳೂ ಕೈಯಿಂದಲೇ ಬರೆದವಾಗಿರಬೇಕು. ಮೊದಲ ಪ್ಲಾಟ್‌ಫಾರ್ಮಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಊರಿನ ಹೆಸರು, ಒಳಗೆ ಟಿಕೆಟು, ಕಾಯುವ ಕೋಣೆ, ಕುಡಿಯುವ ನೀರು, ಹೊರಗೆ ಹೋಗುವ ದಾರಿ. ಆ ಕೆಲಸದ ಇಂಜಿನಿಯರಮ್ಮ ಪೇಟೆಯ ಫಲಕಗಳನ್ನೆಲ್ಲ ನೋಡುತ್ತ ಬಂದು, ಹಲ್ಲಿನ ಡಾಕ್ಟರ ಬಾಗಿಲಲ್ಲಿ ನಿಂತು, ಇದನ್ನು ಬರೆದವರು ಯಾರೆಂದು ಕೇಳಿದರಂತೆ.

ಮೇಷ್ಟ್ರು ನಿಲ್ದಾಣ ನೋಡಿ ಬಂದ ದಿನ ಮೆಟ್ಟಿಲ ಬಳಿ ಸಿಕ್ಕಿದ್ದರು. ಆ ಮುಖದಲ್ಲಿ ಅಂಥ ಬೆಳಕನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಎರಡೂ ಕೈ ಅಗಲಿಸಿ, "ಇಷ್ಟಗಲದ ಹೊಟ್ಟೆ ಇವರೇ, ಒಂದೊಂದು ಅಕ್ಷರಕ್ಕೆ! ಅದನ್ನ ಪೂರ್ತಿ ನೋಡ್ಬೇಕಾದ್ರೆ ಹಳಿ ದಾಟಿ ಆ ಕಡೆ ಪ್ಲಾಟ್‌ಫಾರ್ಮಿಗೇ ಹೋಗ್ಬೇಕು" ಎಂದರು. ಹೇಳುತ್ತಿದ್ದಂತೆಯೇ ಕೈಗಳು ತಾವಾಗಿ ಕೆಳಗಿಳಿದವು. ಆ ಒಂದು ಕೆಲಸದ ಸಂಭಾವನೆ ಗೆರೆಯನ್ನು ಸುಲಭವಾಗಿ ದಾಟುತ್ತಿತ್ತು.

ಮರುದಿನ ಅವರು ಇಂಜಿನಿಯರಮ್ಮನ ಬಳಿ ಹೋಗಿ, ಸಂಭಾವನೆಯನ್ನು ವರ್ಷವರ್ಷಕ್ಕೆ ಹಂಚಿ ಕೊಡಬಹುದೇ ಎಂದು ಕೇಳಿದರು. ಕೆಲಸ ಮುಗಿದ ವರ್ಷವೇ ಸಂದಾಯವಾಗಬೇಕೆಂಬ ನಿಯಮವಿತ್ತು. ಹಾಗಾದರೆ ಕಮ್ಮಿ ಕೊಡಿ ಎಂದರು. ನಿಗದಿಯಾದ ದರಕ್ಕಿಂತ ಕಡಿಮೆ ಕೊಟ್ಟರೆ ಅದು ಕೆಲಸಗಾರರ ಶೋಷಣೆಯಾಗುತ್ತಿತ್ತು. "ಹಾಗಾದರೆ ಪುಕ್ಕಟೆ ಬರೆದುಕೊಡ್ತೀನಿ" ಎಂದರಂತೆ. ಆಕೆ ತಲೆಯ ಮೇಲೆ ಕೈಹೊತ್ತು, "ನಿಮ್ಮಿಂದ ಪುಕ್ಕಟೆ ಮಾಡಿಸ್ಕೊಂಡ್ರೆ ನನ್ನ ಕೆಲಸ ಹೋಗುತ್ತೆ ಮೇಷ್ಟ್ರೇ" ಎಂದರಂತೆ. ದುಡಿಯುವವನಿಗೆ ಅನ್ಯಾಯವಾಗದಿರಲೆಂದು ಒಂದು ಇಲಾಖೆ ಮಾಡಿದ ನಿಯಮ. ಉಳ್ಳವರು ಬಡವರ ಪಾಲು ಕಬಳಿಸದಿರಲೆಂದು ಇನ್ನೊಂದು ಇಲಾಖೆ ಮಾಡಿದ ನಿಯಮ. ಎರಡೂ ಧರ್ಮಸಮ್ಮತವೇ. ಆ ಎರಡು ಧರ್ಮಗಳ ನಡುವಿನ ಇರುಕಿನಲ್ಲಿ ಮೇಷ್ಟ್ರು ಸಿಕ್ಕಿಕೊಂಡಿದ್ದರು. "ಬೇರೆ ಯಾರಾದ್ರೂ ಬರೀತಾರೆ ಬಿಡಿ" ಎಂದು ನನ್ನೆದುರು ಕೈಕೊಡವಿದರು. ಆದರೆ ಆಮೇಲೆ ಎಷ್ಟೋ ದಿನ ಮೆಟ್ಟಿಲ ಮೇಲೂ ಕೂರಲಿಲ್ಲ, ನೀರಿನಲ್ಲೂ ಬರೆಯಲಿಲ್ಲ.

ಹೆಂಡತಿಗೆ ಅವರು ಇದಾವುದನ್ನೂ ಹೇಳಿರಲಿಲ್ಲ. ಇಂಜಿನಿಯರಮ್ಮ ಮತ್ತೊಮ್ಮೆ ಒತ್ತಾಯಿಸಿ ನೋಡೋಣವೆಂದು ಮನೆಗೇ ಬಂದಾಗ ಅವರಿರಲಿಲ್ಲ, ಅತ್ತಿಗೆ ಇದ್ದರು. ಚಹಾ ಕೊಟ್ಟು, ಕೂರಿಸಿ, ವಿಷಯವನ್ನೆಲ್ಲ ಕೇಳಿಕೊಂಡರು. ಮರುದಿನವೇ ತಂಗಿಯನ್ನು ಕರೆದುಕೊಂಡು ನೆರವಿನ ಕಚೇರಿಗೆ ಹೋದರು. ಅಲ್ಲಿ ಬಹಳ ವರ್ಷಗಳಿಂದಿದ್ದ ಗುಮಾಸ್ತೆಯೊಬ್ಬಾಕೆ, ಸದಾ ನೆಗಡಿಯಾದವರಂತೆ ಮೂಗೊರೆಸಿಕೊಳ್ಳುತ್ತಿದ್ದ ಸಾಧುಸ್ವಭಾವದ ಹೆಂಗಸು, ಅಕ್ಕಪಕ್ಕ ನೋಡಿ ಹೇಳಿದರಂತೆ: "ನಿಯಮದಲ್ಲಿ ಒಂದೇ ದಾರಿ ಇದೆಯಮ್ಮ. ಗಂಡ ಹೆಂಡತಿ ಕೋರ್ಟಲ್ಲಿ ಬೇರೆಯಾಗಿ, ಬೇರೆ ಮನೆಯಲ್ಲಿದ್ರೆ ಅವರ ಗಳಿಕೆ ನಿಮ್ಮ ಲೆಕ್ಕಕ್ಕೆ ಬರಲ್ಲ. ತುಂಬಾ ಜನ ಹಾಗೇ ಮಾಡಿದ್ದಾರೆ. ನಾನು ಹೇಳ್ದೆ ಅನ್ಬೇಡಿ."

ಒಂದು ರಜಾದಿನದ ಬೆಳಿಗ್ಗೆ ಕೆಳಗಿನಿಂದ ಅತ್ತಿಗೆಯ ದನಿ ಕೇಳಿಸಿತು: "ಮೇಲಿನ ಮನೆಯವರೇ, ಸ್ವಲ್ಪ ಬನ್ನಿ ಇಲ್ಲಿ. ನೀವೇ ನ್ಯಾಯ ಹೇಳಿ." ಹೋದೆ. ಮೇಷ್ಟ್ರು ಮುಖವನ್ನು ಗೋಡೆಗೆ ಮಾಡಿ ನಿಂತಿದ್ದರು. ಅತ್ತಿಗೆ ಮಂಚದ ಮೇಲೆ ಕೂತಿದ್ದರು, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ್ದ ತೋಳಿನ ಮೇಲೆ ಶಾಲು ಎಳೆದುಕೊಂಡು.

"ಕಾಗದದಲ್ಲಿ ಬೇರೆ ಆಗೋಣ ಅಂದೆ. ಅಷ್ಟಕ್ಕೇ ಹಿಂಗೆ ನಿಂತಿದ್ದಾರೆ" ಎಂದರು ಅತ್ತಿಗೆ.

"ಕಾಗದದಲ್ಲಿ ಒಂದು, ಮನೇಲಿ ಒಂದು ಆಗಲ್ಲ ಕಣೆ. ನಾಳೆ ಯಾರಾದ್ರೂ ನೋಡೋಕೆ ಬಂದ್ರೆ?"

"ಹಾಗಾದ್ರೆ ನಿಜವಾಗ್ಲೂ ಹೋಗ್ತೀನಿ. ತಂಗಿ ಮನೆ ಆಸ್ಪತ್ರೆ ಪಕ್ಕದಲ್ಲೇ ಇದೆ."

"ನಿನಗೇನು ತಲೆಗಿಲೆ ಕೆಟ್ಟಿದೆಯೇನೇ?"

ಅತ್ತಿಗೆ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. ಆಮೇಲೆ, ಜಗಳದ ದನಿಯನ್ನು ಬಿಟ್ಟು, ಬಹಳ ದಿನದಿಂದ ಒಳಗೇ ಹೇಳಿಕೊಂಡು ಸವೆದುಹೋದ ಮಾತಿನಂತೆ ಹೇಳಿದರು: "ಆ ಮಂಚದ ಮೇಲೆ ಮಲಗಿದಾಗೆಲ್ಲ ನನಗೆ ಒಂದೇ ಯೋಚನೆ ರೀ. ನನ್ನ ಉಸಿರಿಗೂ ನಿಮ್ಮ ಕೈಗೂ ಗಂಟು ಹಾಕಿಬಿಟ್ಟಿದ್ದಾರಲ್ಲ ಅಂತ. ನೀವು ಬರೆಯೋದು ನಿಲ್ಲಿಸಿದ್ರೆ ನಾನು ಬದುಕ್ತೀನಿ, ನೀವು ಬರೆದ್ರೆ ನಾನು ಸಾಯ್ತೀನಿ. ಹಿಂಗೆ ಬದುಕೋದು ನನಗೆ ಸಾಕಾಗಿದೆ. ಒಂದೇ ಒಂದು ಸಲ ಮನಸ್ಸು ಬಿಚ್ಚಿ ಬರೀರಿ. ನಾನಿರೋವಾಗಲೇ ಬರೀರಿ. ನಾನು ಹೋದ ಮೇಲೆ ಎಷ್ಟು ಬರೆದ್ರೂ ಅದು ನನ್ನ ತಲೆ ಮೇಲೆ ಬರುತ್ತೆ."

ನ್ಯಾಯ ಹೇಳಬೇಕಾಗಿದ್ದ ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದೆ. ಮೇಷ್ಟ್ರು ಗೋಡೆಯ ಕಡೆಯಿಂದ ತಿರುಗಲಿಲ್ಲ.

"ಕೆಲಸ ಮುಗಿದ ಮೇಲೆ ವಾಪಸ್ ಬರ್ತೀಯಾ?" ಎಂದು ಗೋಡೆಯನ್ನೇ ಕೇಳಿದರು.

"ಬರದೆ? ನನ್ನ ಪಾತ್ರೆ ಪಗಡೆಯೆಲ್ಲ ಇಲ್ಲೇ ಇದೆಯಲ್ಲ" ಎಂದರು ಅತ್ತಿಗೆ.

ನ್ಯಾಯಾಲಯಕ್ಕೂ ನಾನೇ ಸಾಕ್ಷಿಯಾಗಿ ಹೋದೆ. ಅಂದು ಮೇಷ್ಟ್ರು ಕೋಟು ಹಾಕಿರಲಿಲ್ಲ. ಅದು ಮದುವೆಯದು, ಈ ಕೆಲಸಕ್ಕೆ ಬೇಡ ಎಂದರು. ನ್ಯಾಯಾಧೀಶರು ದಣಿದಿದ್ದ ವಯಸ್ಸಾದ ಮನುಷ್ಯ. ಕಡತದಿಂದ ತಲೆಯೆತ್ತದೆ ಅತ್ತಿಗೆಯನ್ನು ಕೇಳುತ್ತ ಹೋದರು.

"ಹೊಡೀತಾರಾ?"

"ಇಲ್ಲ ಸ್ವಾಮಿ."

"ಕುಡೀತಾರಾ?"

"ಇಲ್ಲ."

"ಬೇರೆ ಹೆಂಗಸಿನ ಸಹವಾಸ?"

"ಅಯ್ಯೋ, ಇವರಿಗಾ?" ಎಂದು ಅತ್ತಿಗೆ ನಕ್ಕೇಬಿಟ್ಟರು.

"ಮತ್ತೆ ಯಾಕಮ್ಮ ಬೇರೆಯಾಗೋದು?"

"ದುಡೀತಾರೆ ಸ್ವಾಮಿ."

ನ್ಯಾಯಾಧೀಶರು ಆಗ ತಲೆಯೆತ್ತಿದರು. ಅತ್ತಿಗೆಯ ಊದಿದ ಪಾದಗಳನ್ನು, ಗಂಟುಗಟ್ಟಿದ ತೋಳನ್ನು ನೋಡಿದರು. ಮೇಷ್ಟ್ರ ಉಗುರುಗಳನ್ನು ನೋಡಿದರು. ಇಂಥ ದಂಪತಿಗಳು ಅವರ ಮುಂದೆ ಹಿಂದೆಯೂ ನಿಂತಿದ್ದಿರಬೇಕು. ಕನ್ನಡಕ ತೆಗೆದು ಒರೆಸಿ, ಮೇಷ್ಟ್ರ ಕಡೆ ತಿರುಗಿ, "ನಿಮಗೆ ಒಪ್ಪಿಗೆ ಇದೆಯಾ?" ಎಂದರು. ಮೇಷ್ಟ್ರು, "ಒಪ್ಪಿಗೆ ಇಲ್ಲ. ಸಹಿ ಹಾಕ್ತೀನಿ" ಎಂದರು. ಆ ಒಂದು ದಿನ ಅವರ ಬಾಯಿಂದ ‘ಅದೂ ಸರೀನೇ’ ಬರಲಿಲ್ಲ.

ಅತ್ತಿಗೆ ತಂಗಿಯ ಮನೆಗೆ ಹೋದರು. ಮೇಷ್ಟ್ರು ನಿಲ್ದಾಣದ ಸಾರುವೆಯ ಅಟ್ಟಣೆ ಏರಿದರು. ಕಾಗದದಲ್ಲಿ ಬರೆದದ್ದಕ್ಕೆ ಅವರು ಅದೆಷ್ಟು ಕಟ್ಟುಬಿದ್ದರೆಂದರೆ ತಂಗಿಯ ಮನೆಯ ಹೊಸ್ತಿಲು ತುಳಿಯಲಿಲ್ಲ. ಡಯಾಲಿಸಿಸ್ ದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಬಂದು, ಕೆಲಸಕ್ಕೆ ಹೊತ್ತಾಗುವ ತನಕ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಮನೆಯವರಿಗೆ ಮಾತ್ರ ಪ್ರವೇಶ ಎಂಬ ಫಲಕ ಬಾಗಿಲ ಮೇಲಿತ್ತು. ವರ್ಷಗಳಿಂದ ಬಲ್ಲ ನರ್ಸಮ್ಮ, "ಒಳಗೆ ಬನ್ನಿ ಮೇಷ್ಟ್ರೇ, ಯಾರು ಕೇಳ್ತಾರೆ?" ಎಂದರೆ, "ಬೇಡಮ್ಮ, ಇಲ್ಲೇ ಸರಿಯಾಗಿದೆ" ಎನ್ನುತ್ತಿದ್ದರು. ಒಂದು ಸಲ ನಾನು ಹಣ್ಣು ತೆಗೆದುಕೊಂಡು ಹೋಗಿದ್ದೆ. ಅತ್ತಿಗೆ ಮಲಗಿದ್ದಲ್ಲಿಂದಲೇ ತಂಗಿಗೆ, "ಹೊರಗೆ ನಮ್ಮ ಪರಿಚಯದವರೊಬ್ಬರು ಕೂತಿದ್ದಾರೆ ನೋಡು, ತಿಂಡಿ ತಿಂದ್ರಾ ಕೇಳು" ಎಂದರು. ತಂಗಿ ಹೊರಗೆ ಹೋಗಿ ಬಂದು, "ತಿಂದ್ರಂತೆ ಅಕ್ಕ" ಎಂದಳು. "ಸುಳ್ಳು" ಎಂದು ಅತ್ತಿಗೆ ಕಣ್ಣು ಮುಚ್ಚಿಕೊಂಡರು.

ನಿಲ್ದಾಣದ ಕೆಲಸ ಮುಗಿಯಿತು. ಅಕ್ಷರಗಳನ್ನು ನಾನು ವರ್ಣಿಸಲಾರೆ. ಗಡಿಬಿಡಿಯಲ್ಲಿ ರೈಲಿಗೆ ಓಡುವವರು ಕೂಡ ಒಂದು ಕ್ಷಣ ತಲೆಯೆತ್ತಿ, ತಮ್ಮ ಊರಿಗೆ ಇಷ್ಟು ಚೆಂದದ ಹೆಸರಿದೆಯೆಂದು ಆಗ ತಾನೇ ತಿಳಿದವರಂತೆ ನೋಡಿ ಮುಂದೆ ಹೋಗುತ್ತಿದ್ದರು. ಉದ್ಘಾಟನೆಯ ಗಲಾಟೆ ಅಡಗಿದ ಮೇಲೆ ಒಂದು ಮಧ್ಯಾಹ್ನ ತಂಗಿಯೂ ನಾನೂ ಸೇರಿ ಅತ್ತಿಗೆಯನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದೆವು. ಮೇಷ್ಟ್ರು ಮೊದಲೇ ಬಂದು ಒಂದು ಕಂಬದ ಪಕ್ಕ ನಿಂತಿದ್ದರು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮುಂದೆ ಕಟ್ಟಿಕೊಂಡು, ಮತ್ತೆ ಹಿಂದೆ ಕಟ್ಟಿಕೊಂಡು. ಅತ್ತಿಗೆ ಒಂದೊಂದಾಗಿ ಎಲ್ಲ ಫಲಕಗಳನ್ನೂ ನೋಡಿದರು.

"ಊರಿನ ಹೆಸರು ಬಹಳ ಚೆನ್ನಾಗಿ ಬಂದಿದೆ" ಎಂದರು. "ಕುಡಿಯುವ ನೀರೂ ಚೆನ್ನಾಗಿದೆ. ಹೊರಗೆ ಹೋಗುವ ದಾರಿ ಮಾತ್ರ ಅವಸರದಲ್ಲಿ ಬರೆದಿದ್ದೀರಿ."

"ಅವತ್ತು ನಿನಗೆ ಚಳಿಜ್ವರ ಬಂದಿತ್ತು" ಎಂದರು ಮೇಷ್ಟ್ರು. "ತಂಗಿ ಫೋನ್ ಮಾಡಿದ್ಲು. ಕೊನೇ ಪದ ಬಾಕಿ ಇತ್ತು."

ಅತ್ತಿಗೆ ಆ ಫಲಕವನ್ನು ಮತ್ತೊಮ್ಮೆ ನೋಡಿದರು. "ಹಾಗಾದ್ರೆ ಇರಲಿ ಬಿಡಿ. ಅದನ್ನ ತಿದ್ದಬೇಡಿ" ಎಂದರು.

ಕೆಲಸ ಮುಗಿದರೆ ಮನೆ ಸೇರಬಹುದೆಂದು ಇಬ್ಬರೂ ಎಣಿಸಿದ್ದರು. ಹಾಗಾಗಲಿಲ್ಲ. ಮತ್ತೆ ಒಂದೇ ಸೂರಿಗೆ ಬಂದರೆ ಹಿಂದಿನ ವರ್ಷದ ಗಳಿಕೆಯನ್ನೇ ಹಿಡಿಯಬೇಕಾಗುತ್ತದೆ, ಆ ವರ್ಷ ಲೆಕ್ಕದಿಂದ ಜಾರುವ ತನಕ ಕಾಯಿರಿ ಎಂದು ಆ ಗುಮಾಸ್ತೆಯೇ ಮೂಗೊರೆಸಿಕೊಳ್ಳುತ್ತ ಹೇಳಿದರು. ಕಾದರು. ಆ ಅವಧಿಯಲ್ಲೇ ಸರ್ಕಾರಿ ಆಸ್ಪತ್ರೆಯ ಯಂತ್ರಗಳು ಕೆಲವು ವಾರ ಕೆಟ್ಟುನಿಂತು ಖಾಸಗಿಗೆ ಹೋಗಬೇಕಾಗಿ ಬಂದದ್ದರಿಂದ, ನಿಲ್ದಾಣ ಕೊಟ್ಟದ್ದನ್ನೆಲ್ಲ ಆ ವಾರಗಳು ನುಂಗಿಹಾಕಿದವು. ಕೊನೆಗೆ, ಕಾಗದದಲ್ಲೂ ಮತ್ತೆ ಒಂದಾಗಿ, ಅತ್ತಿಗೆ ಮರಳಿ ಬಂದ ದಿನ, ಇಬ್ಬರೂ ಎಲ್ಲಿಂದ ಹೊರಟಿದ್ದರೋ ಅಲ್ಲಿಗೇ ಬಂದು ನಿಂತಿದ್ದರು. ಕಾಲುಗಳಲ್ಲಿ ಹೊರಟಾಗಿನ ಬಲ ಮಾತ್ರ ಇರಲಿಲ್ಲ. ಅತ್ತಿಗೆ ಬಾಗಿಲಲ್ಲಿ ನಿಂತು, ಒಲೆಯ ಸುತ್ತ ಕಣ್ಣಾಡಿಸಿ, "ಒಂದು ಪಾತ್ರೇನಾದ್ರೂ ನೆಟ್ಟಗೆ ಇಟ್ಟಿದ್ದೀರಾ?" ಎಂದರು. ಮೇಷ್ಟ್ರು ತಲೆ ತಗ್ಗಿಸಿ ನಗುತ್ತಿದ್ದರು. ಅವರ ಕಣ್ಣು ತುಂಬಿದ್ದನ್ನು ನೋಡಿ ನಾನು ಮಹಡಿ ಹತ್ತಿದೆ.

ಇದಾದ ಮರುವರ್ಷ ಸರ್ಕಾರ ಆದಾಯ ಮಿತಿಯನ್ನು ಏರಿಸಿತು. ಬೆಲೆಗಳು ಏರಿ ಎಷ್ಟೋ ಕಾಲವಾದ ಮೇಲೆ, ಹಲವು ಸಮಿತಿಗಳ ಶಿಫಾರಸಿನಂತೆ, ಒಂದು ಸಾಮಾನ್ಯ ಪ್ರಕಟಣೆಯ ಮೂಲಕ. ಹೊಸ ಮಿತಿಯೊಳಗೆ ನಿಲ್ದಾಣದ ಸಂಭಾವನೆಯೂ ಸೇರಿ ಮೇಷ್ಟ್ರ ಆ ವರ್ಷದ ದುಡಿಮೆಯೆಲ್ಲ ಹಾಯಾಗಿ ಹಿಡಿಸುತ್ತಿತ್ತು. ಪತ್ರಿಕೆಯನ್ನು ನಾನೇ ಕೆಳಗೆ ಒಯ್ದು ತೋರಿಸಿದೆ. ಮೇಷ್ಟ್ರು ಎರಡು ಸಲ ಓದಿದರು, ನೀಟಾಗಿ ಮಡಿಸಿ ವಾಪಸು ಕೊಟ್ಟರು. "ಒಳ್ಳೇದಾಯ್ತು. ಯಾರಿಗಾದ್ರೂ ಅನುಕೂಲ ಆಗುತ್ತೆ" ಎಂದರು. ಸಿಟ್ಟಾಗುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಅದನ್ನು ಅವರು ಬೇರೆಡೆ ಖರ್ಚು ಮಾಡಿಬಿಟ್ಟಿದ್ದರು. ಈಗಲೂ ದಿನ ಬಿಟ್ಟು ದಿನ ಇಬ್ಬರೂ ಬೆಳಗಿನ ಬಸ್ಸಿಗೆ ಹೋಗುತ್ತಾರೆ. ವಾರ್ಡಿನ ಒಳಗೆ ಮಂಚದ ಪಕ್ಕದಲ್ಲಿ ಅವರಿಗೊಂದು ಸ್ಟೂಲಿದೆ.

ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆ. ಸಾಧನೆಗಳ ಚರಿತ್ರೆ ಬರೆಯುವವರ ಕಣ್ಣಿಗೆ ಅವರು ಬೀಳುವುದಿಲ್ಲ, ಏಕೆಂದರೆ ಅವರು ಮಾಡಿದ ದೊಡ್ಡ ಕೆಲಸಗಳೆಲ್ಲ ಮಾಡದೆ ಬಿಟ್ಟ ಕೆಲಸಗಳು. ಎಷ್ಟು ಗಳಿಸಿದಿರಿ ಎಂದು ಕೇಳುವ ಅಧಿಕಾರಿಗಳಿದ್ದಾರೆ, ಎಷ್ಟನ್ನು ಕೈಬಿಟ್ಟಿರಿ ಎಂದು ಕೇಳುವವರಿಲ್ಲ. ಬಡವರೆಂದು ಕನಿಕರಪಡೋಣವೆಂದರೆ ಅವರ ಅಂಗಿ ಹರಿದಿರುವುದಿಲ್ಲ. ತ್ಯಾಗಿಗಳೆಂದು ಕೊಂಡಾಡೋಣವೆಂದರೆ ಅವರಿಗೆ ಅದನ್ನು ಕೇಳುವಷ್ಟು ಪುರಸೊತ್ತಿರುವುದಿಲ್ಲ, ಆಸ್ಪತ್ರೆಗೆ ಹೊತ್ತಾಗಿರುತ್ತದೆ. ಅವರು ಲೋಕದಿಂದ ಬಯಸುವುದು ಬಹಳ ಸಾಮಾನ್ಯವಾದದ್ದು: ಕೈಲಾಗುವಷ್ಟು ಕೆಲಸವನ್ನು ಮನಸ್ಸಿಟ್ಟು ಮಾಡುವುದು, ಸಂಜೆ ತಮ್ಮವರಿರುವ ಮನೆಗೆ ಮರಳುವುದು. ಇಷ್ಟನ್ನು ಬಯಸುವುದಕ್ಕೂ ಅರ್ಹತೆಯನ್ನು ವರ್ಷವರ್ಷ ಸಾಬೀತುಪಡಿಸಬೇಕೆಂದು ತಿಳಿದ ದಿನದಿಂದ ಅವರ ದನಿ ತಾನಾಗಿ ತಗ್ಗುತ್ತದೆ. ನಾವು ಅದನ್ನು ವಿನಯವೆಂದು ತಿಳಿದು, ಎಷ್ಟು ಒಳ್ಳೆಯ ಜನ ಎಂದುಕೊಂಡು, ನಮ್ಮ ದಾರಿ ಹಿಡಿಯುತ್ತೇವೆ.